ಟೊಕುನಾಗ ಉಣ್ಣುವುದನ್ನು ಕಂಡವರಿಲ್ಲ

ಆಂಟಿ ಎಡ್ವೀನಾ ಪಚೇಕೊ ಮೂವತ್ತೊಂದು ವರ್ಷ ಶಾಲೆಯ ಊಟದ ಮನೆಯಲ್ಲಿ ಸೌಟು ಹಿಡಿದವರು. ನಮ್ಮೂರು ಕಾನೆಓಹೆಯಲ್ಲಿ ಹುಟ್ಟಿ ಬೆಳೆದ, ಈಗ ಮೂವತ್ತರ ಆಸುಪಾಸಿನಲ್ಲಿರುವ ಯಾರ ಮುಂದಾದರೂ ಅವರ ಹೆಸರೆತ್ತಿ ನೋಡಿ, ಕೂತವರು ನೆಟ್ಟಗೆ ಕೂರುತ್ತಾರೆ. ಊಟ ಮುಗಿಸಿದ ಮಗು ಅವರ ಮುಂದೆ ಹಾಯದೆ ಆಟದ ಬಯಲಿಗೆ ಹೋಗುವಂತಿರಲಿಲ್ಲ. ತಲೆಗೆ ಬಲೆ, ಸೊಂಟಕ್ಕೆ ಏಪ್ರನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತು "ತಟ್ಟೆ ತೋರಿಸು" ಅನ್ನುತ್ತಿದ್ದರಂತೆ. ಬೈದವರಲ್ಲ, ಗದರಿದವರಲ್ಲ. ತಟ್ಟೆಯಲ್ಲಿ ಅನ್ನ ಉಳಿದಿದ್ದರೆ ಸುಮ್ಮನೆ ನೋಡುತ್ತಿದ್ದರು, ಅಷ್ಟೆ. ಮಗು ತಾನಾಗಿಯೇ ತಿರುಗಿ ಹೋಗಿ ಕೂತು ಉಳಿದದ್ದನ್ನು ತಿನ್ನುತ್ತಿತ್ತು. ನನ್ನ ಗಂಡ ಡ್ವೇನ್ ಆ ಶಾಲೆಯಲ್ಲಿ ಕಲಿತವನು. ಆರಡಿ ಆಳು, ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಇವತ್ತಿಗೂ ಆಂಟಿ ಮನೆಯಲ್ಲಿ ಉಂಡರೆ ಏಳುವ ಮುಂಚೆ ತಟ್ಟೆಯನ್ನು ಅವರ ಕಡೆಗೊಮ್ಮೆ ಓರೆ ಮಾಡಿ ಹಿಡಿಯುತ್ತಾನೆ.

ನಾವು ಅವರ ಕೆಳಮನೆಯ ಬಾಡಿಗೆದಾರರು. ನಾನು ಬೆಟ್ಟದ ಆಚೆಯ ಹೊನೊಲುಲುವಿನವಳು. ಓದಿದ್ದು, ಕೆಲಸ ಮಾಡಿದ್ದು ಎಲ್ಲ ಅಲ್ಲೇ. ಏನೇ ತೊಂದರೆ ಬಂದರೂ ಮೊದಲು ಅದರ ಬಗ್ಗೆ ಓದಬೇಕು, ಆಮೇಲೆ ಪಟ್ಟಿ ಮಾಡಬೇಕು ಎಂದು ನಂಬಿದವಳು. ನಮ್ಮ ಮಗಳು ಕಿಯೆಲೆಗೆ ಆಗ ಎರಡೂವರೆ ವರ್ಷ. ಅವಳು ತಿನ್ನುವುದಿಲ್ಲ ಎನ್ನುವುದು ನನ್ನ ತೊಂದರೆ. ಮಕ್ಕಳ ಡಾಕ್ಟರು ತೂಕ ನೋಡಿ, ಸರಿಯಾಗಿಯೇ ಇದ್ದಾಳೆ ಹೋಗಮ್ಮ ಎಂದಿದ್ದರು. ಅವರಿಗೇನು, ಅವರು ತಿಂಗಳಿಗೊಮ್ಮೆ ನೋಡುತ್ತಾರೆ. ನಾನು ದಿನಕ್ಕೆ ಐದು ಸಲ ಚಮಚ ಹಿಡಿದು ಎದುರು ಕೂತು ನೋಡುತ್ತೇನೆ. ಪುಸ್ತಕದಲ್ಲಿ ಬರೆದೂ ಇಡುತ್ತಿದ್ದೆ: ಬೆಳಿಗ್ಗೆ ಬಾಳೆಹಣ್ಣು ಅರ್ಧ, ಅದರಲ್ಲಿ ಉಗಿದದ್ದು ಕಾಲು. ಹಾಗಾಗಿ ಆ ಮೇ ತಿಂಗಳಲ್ಲಿ ಆಂಟಿ ನಿವೃತ್ತರಾಗಿ ಮನೆಯಲ್ಲೇ ಇರುತ್ತಾರೆ ಎಂದಾಗ ನನ್ನಷ್ಟು ಸಂತೋಷಪಟ್ಟವರು ಬೇರೆ ಇರಲಿಲ್ಲ. ಸಾವಿರಾರು ಮಕ್ಕಳಿಗೆ ಉಣ್ಣಿಸಿದ ಕೈ ಮೇಲ್ಮನೆಯಲ್ಲೇ ಇದೆ. ಆಂಟಿಯೂ ಒಪ್ಪಿದ್ದರು. ಆದರೆ ಒಂದು ವಾರ ಬಿಟ್ಟು ಎಂದರು. ಮೊದಲು ಟೊಕುನಾಗ ಉಣ್ಣುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಆಮೇಲೆ ಕಿಯೆಲೆಯ ಸರದಿ.

ಟೊಕುನಾಗ ಎಂದರೆ ಅವರ ಗೋಸುಂಬೆ. ನಮ್ಮ ಕಡೆ ಬೇಲಿಯಲ್ಲಿ ಮೂರು ಕೊಂಬಿನ ಗೋಸುಂಬೆ ಸಿಗುವುದು ಹೊಸದೇನಲ್ಲ, ಬೀದಿಗೆ ನಾಲ್ಕು ಮನೆಯವರಾದರೂ ಸಾಕಿರುತ್ತಾರೆ. ಆರು ವರ್ಷದ ಹಿಂದೆ ಇವನು ಆಂಟಿಯ ದಾಸವಾಳದ ಬೇಲಿಯಲ್ಲಿ ಕೂತಿದ್ದನಂತೆ. ಒಂದು ಕಣ್ಣು ಬೆಟ್ಟದ ಕಡೆ, ಒಂದು ಕಣ್ಣು ಕಡಲಿನ ಕಡೆ. ಅಂದಿನಿಂದ ಹಿಂಜಗಲಿಯ ಬಲೆಪೆಟ್ಟಿಗೆಯೇ ಅವನ ಮನೆ. ಆಂಟಿ ನಸುಕಿನ ಐದು ಗಂಟೆಗೆ ಶಾಲೆಗೆ ಹೊರಡುವ ಮುಂಚೆ ಗಿಡಗಳಿಗೆ ನೀರು ಚಿಮುಕಿಸಿ, ಒಂದು ಡಬ್ಬಿಯಲ್ಲಿ ಐದಾರು ಮಿಡತೆ ಬಿಟ್ಟು ಹೋಗುತ್ತಿದ್ದರು. ಮೂರು ಗಂಟೆಗೆ ಬಂದು ನೋಡಿದರೆ ಡಬ್ಬಿ ಖಾಲಿ. ಆರು ವರ್ಷದಲ್ಲಿ ಅವನು ತಿನ್ನುವುದನ್ನು ಅವರು ಒಂದು ದಿನವೂ ಕಂಡಿರಲಿಲ್ಲ. ಅದಕ್ಕೇ ಆ ಹೆಸರು. ಅವರ ಶಾಲೆಯಲ್ಲಿ ಹನ್ನೊಂದು ವರ್ಷ ಪ್ರಿನ್ಸಿಪಾಲರಾಗಿದ್ದ ಟೊಕುನಾಗ ಸರ್ ಒಂದು ದಿನವೂ ಊಟದ ಮನೆಯಲ್ಲಿ ಕೂತು ಉಂಡವರಲ್ಲ. ಮನೆಯಿಂದ ಸ್ಯಾಂಡ್‌ವಿಚ್ ತರುತ್ತಿದ್ದರು. ಆಂಟಿಯ ಮೂವತ್ತೊಂದು ವರ್ಷದಲ್ಲಿ ತಟ್ಟೆ ತೋರಿಸದೆ ಹೋದ ಆಸಾಮಿ ಸರ್ ಒಬ್ಬರೇ. ಎರಡು ವರ್ಷದ ಹಿಂದೆ ಸರ್ ನಿವೃತ್ತರಾದ ದಿನ ಆಂಟಿ ಅವರ ಕೋಣೆಯ ಬಾಗಿಲಿನ ಹಿತ್ತಾಳೆಯ ಹೆಸರುಫಲಕವನ್ನು ಬಿಚ್ಚಿ ಏಪ್ರನ್ನಿನ ಜೇಬಿನಲ್ಲಿ ಹಾಕಿಕೊಂಡು ಬಂದು ಗೋಸುಂಬೆಯ ಪೆಟ್ಟಿಗೆಗೆ ಬಡಿದರು.

ನಿವೃತ್ತಿಯ ಮಾರನೆಯ ದಿನ ಆಂಟಿ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಟೊಕುನಾಗ ಅವತ್ತು ತಿನ್ನಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಆಂಟಿ ಇಕ್ಕಳದಲ್ಲಿ ಮಿಡತೆ ಹಿಡಿದು ಮೂತಿಯ ಹತ್ತಿರ ಒಯ್ದರು. ಅವನು ಒಂದು ಕಣ್ಣನ್ನು ಮಿಡತೆಯ ಮೇಲೂ ಇನ್ನೊಂದನ್ನು ಆಂಟಿಯ ಮೇಲೂ ಇಟ್ಟು, ಒಂದೊಂದೇ ಕಾಲು ಎತ್ತಿ ಕೊಂಬೆಯ ಆಚೆ ಬದಿಗೆ ಸರಿದುಕೊಂಡ. ಇಕ್ಕಳ ಬಿಟ್ಟು ಶಾಲೆಯಿಂದ ಬೀಳ್ಕೊಡುಗೆಯಾಗಿ ಬಂದ ದೊಡ್ಡ ಸೌಟಿನಲ್ಲಿ ಬಡಿಸಿದರು. ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ.

ಐದನೆಯ ದಿನ ನಾನು ನನ್ನ ಪುಸ್ತಕದಲ್ಲಿ ಅವನಿಗೂ ಒಂದು ಸಾಲು ಹಾಕಿದೆ. ಗೋಸುಂಬೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬಿಸಿಲು ಹೆಚ್ಚಾದರೆ ತಿನ್ನುವುದಿಲ್ಲ, ನೀರು ಕಡಿಮೆಯಾದರೆ ತಿನ್ನುವುದಿಲ್ಲ, ದಿನವೂ ಒಂದೇ ಹುಳವಾದರೆ ಬೇಸರ. ನೆರಳಿಗೆ ಸರಿಸಿದೆವು. ಎಲೆಯಿಂದ ಹನಿ ಉದುರುವ ಹಾಗೆ ಮೇಲೆ ತೂತಿನ ಲೋಟ ಕಟ್ಟಿದೆವು. ಡ್ವೇನ್ ಬಂದರಿನಿಂದ ಜಿರಳೆ ತಂದ. ನಾನು ಅಂಗಡಿಯಿಂದ ಬಿಳಿ ಹುಳು ತಂದು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದೆ. ಗೋಸುಂಬೆ ನೀರು ಕುಡಿಯಿತು, ಹುಳುವಿನ ಕಡೆ ತಿರುಗಲಿಲ್ಲ. ಅದರ ಹಸಿರು ದಿನೇ ದಿನೇ ಮಾಸಿ ಹಳೆಯ ಕೊಡೆಯ ಬಟ್ಟೆಯ ಬಣ್ಣಕ್ಕೆ ಬಂತು.

ಒಂಬತ್ತನೆಯ ದಿನ ಪ್ರಾಣಿಗಳ ಡಾಕ್ಟರ ಹತ್ತಿರ ಒಯ್ದೆವು. ಚಿಕ್ಕ ವಯಸ್ಸಿನ ಹುಡುಗಿ. ಬಾಯಿ ಬಿಡಿಸಿ ನೋಡಿದಳು, ಹುಣ್ಣಿಲ್ಲ. ಹೊಟ್ಟೆ ಒತ್ತಿದಳು, ಗಂಟಿಲ್ಲ. ಹೋದ ಸಲ ತಂದಾಗಿಗಿಂತ ತೂಕ ಹನ್ನೆರಡು ಗ್ರಾಂ ಇಳಿದಿದೆ. ಈ ವಯಸ್ಸಿಗೆ ಅದು ಜಾಸ್ತಿ, ಹೀಗೇ ಹೋದರೆ ಉಳಿಯುವುದು ಕಷ್ಟ ಎಂದಳು. ಮನೆಯಲ್ಲಿ ಇತ್ತೀಚೆಗೆ ಏನಾದರೂ ಬದಲಾಗಿದೆಯೇ ಎಂದು ಕೇಳಿದಳು.

"ಏನೂ ಇಲ್ಲಮ್ಮ," ಎಂದರು ಆಂಟಿ. "ನಾನು ದಿನವಿಡೀ ಮನೇಲೇ ಇದೀನಿ ಈಗ, ಅಷ್ಟೆ. ಮೊದಲಿಗಿಂತ ಚೆನ್ನಾಗೇ ನೋಡ್ಕೋತಿದೀನಿ."

ಪಟ್ಟಿ ಮಾಡುವ ನಾನು ಪಕ್ಕದಲ್ಲೇ ಕೂತಿದ್ದೆ. ಇದನ್ನು ಬರೆದುಕೊಂಡೆ ಕೂಡ. ನನಗೂ ಹೊಳೆಯಲಿಲ್ಲ.

ಡಾಕ್ಟರು ಹೇಳಿದ್ದು ಎರಡು ಮಾತು. ಒಂದು, ಅವನನ್ನು ಸದ್ದುಗದ್ದಲವಿಲ್ಲದೆ ಇರಲು ಬಿಡಿ. ಎರಡು, ಸೋಮವಾರದೊಳಗೆ ತಿನ್ನದಿದ್ದರೆ ತನ್ನಿ, ನಳಿಕೆ ಇಳಿಸಿ ಹೊಟ್ಟೆಗೆ ಹಾಕುತ್ತೇವೆ, ತಡೆದುಕೊಳ್ಳುತ್ತಾನೋ ಇಲ್ಲವೋ ನೋಡೋಣ. ಕಾರಿನಲ್ಲಿ ಆಂಟಿ ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತರು. ಬೆಟ್ಟದ ಸುರಂಗ ದಾಟಿದ ಮೇಲೆ, ಒಂದು ಮಗುವಿನ ಬಾಯಿಗೂ ನಾನು ಬಲವಂತವಾಗಿ ತುರುಕಿದವಳಲ್ಲ ಜೋಲೀನ್, ಎಂದರು. ನಳಿಕೆ ಇಳಿಸುವುದಾದರೆ ತಾನಿನ್ನು ಯಾರಿಗೂ ಉಣಿಸಲು ಹೋಗುವುದಿಲ್ಲ, ಕಿಯೆಲೆಗೂ ಇಲ್ಲ. ಕೈಗುಣ ಹೋಯಿತು ಎಂದೇ ಅರ್ಥ. ಅಲ್ಲಿಯವರೆಗೆ ನನಗೆ ಗೋಸುಂಬೆಯ ಚಿಂತೆ ಒಂದೇ ಇತ್ತು.

ಸದ್ದುಗದ್ದಲ ಬೇಡ ಎಂದ ಡಾಕ್ಟರ ಮಾತನ್ನು ನಾವು ಅಕ್ಷರಶಃ ಪಾಲಿಸಿದೆವು. ರೇಡಿಯೊ ಬಂದ್. ಚಪ್ಪಲಿ ಹೇಗೂ ಬಾಗಿಲಾಚೆ, ಈಗ ಕಾಲಿಗೆ ದಪ್ಪ ಕಾಲುಚೀಲ. ಆಂಟಿ, ನಾನು, ಕಿಯೆಲೆ, ಸಂಜೆ ಡ್ವೇನ್, ಆಗಾಗ ಆಂಟಿಯ ಅಣ್ಣ ಅಂಕಲ್ ಲೈನಸ್, ಎಲ್ಲರೂ ಪೆಟ್ಟಿಗೆಯ ಸುತ್ತ ಕುರ್ಚಿ ಹಾಕಿಕೊಂಡು, ಉಸಿರೂ ಕೇಳಿಸದ ಹಾಗೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನನ್ನೇ ನೋಡುತ್ತಾ ಕೂತೆವು. ಟೊಕುನಾಗ ಇನ್ನಷ್ಟು ಕಪ್ಪಾದ.

ಆಂಟಿಗೆ ಕಾರಣ ಹೊಳೆದದ್ದು ಶುಕ್ರವಾರ. ಮಿಕ್ಕವು ಹಾರಿಹೋಗಿ ಡಬ್ಬಿಯಲ್ಲಿ ಒಂದೇ ಮಿಡತೆ ಉಳಿದಿತ್ತು.

"ಹೇಗೆ ತಿಂತಾನೆ?" ಎಂದರು. "ಕೊನೇದು ಅದು."

ಕೊನೆಯ ತುಂಡನ್ನು ನಮ್ಮಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಎಷ್ಟೇ ಹಸಿವಿರಲಿ, ತಟ್ಟೆಯಲ್ಲಿ ಒಂದೇ ಒಂದು ಉಳಿಯಿತೆಂದರೆ ಅದಕ್ಕೆ ಕೈ ಹಾಕಿದವನು ಮನೆತನ ಇಲ್ಲದವನು. ತೀರಾ ಬೇಕೆನಿಸಿದರೆ ಅರ್ಧ ಮುರಿದು ಅರ್ಧ ಬಿಡಬೇಕು. ಮುಂದಿನವನು ಆ ಅರ್ಧದಲ್ಲಿ ಅರ್ಧ. ಮೂರು ದಿನ ಫ್ರಿಜ್ಜಿನಲ್ಲಿ ಕೂತ ಉಗುರಿನಷ್ಟು ಕೇಕನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಆಂಟಿಯ ಮಾತು ನಮಗಾರಿಗೂ ವಿಚಿತ್ರ ಅನಿಸಲಿಲ್ಲ. ಅಂಕಲ್ ಲೈನಸ್ ತಲೆಯಾಡಿಸಿ, ಆರು ವರ್ಷ ಇದೇ ಮನೆಯಲ್ಲಿ ಬೆಳೆದವನಲ್ಲವೇ ಎಂದರು. ಹೊನೊಲುಲುವಿನಲ್ಲಿ ಓದಿದ ನಾನು ಕೂಡ, ಹಾಗಾದರೆ ಎಷ್ಟು ಹಾಕಿದರೆ ಕೊನೆಯದು ಅನಿಸುವುದಿಲ್ಲ ಎಂದು ಲೆಕ್ಕ ಹಾಕತೊಡಗಿದೆ. ನಲವತ್ತು ಮಿಡತೆ ಬಿಟ್ಟೆವು. ಅವು ರಾತ್ರಿಯೆಲ್ಲ ಮನೆತುಂಬ ಕಿರಿಕಿರಿ ಹಾಡಿದವೇ ಹೊರತು ಒಂದೂ ಕಡಿಮೆಯಾಗಲಿಲ್ಲ.

ಶನಿವಾರ ಆಂಟಿ ಇನ್ನೂ ಮುಂದಕ್ಕೆ ಯೋಚಿಸಿದ್ದರು. ತಪ್ಪು ನಮ್ಮದೇ. ಸುತ್ತ ಐದು ಜನ ಬರಿಗೈಯಲ್ಲಿ ಕೂತಿದ್ದೇವೆ, ಅವನೊಬ್ಬನ ಮುಂದೆ ಊಟ. ಮರ್ಯಾದೆ ಇರುವ ಯಾರು ತಾನೆ ಉಂಡಾರು? ಭಾನುವಾರ ಎಲ್ಲರೂ ಒಂದೊಂದು ಅಡುಗೆ ತರಬೇಕು, ಅವನ ಜೊತೆ ಕೂತು ಉಣ್ಣಬೇಕು. ಅವನು ಉಂಡರೆ ಉಂಡ. ಇಲ್ಲವಾದರೆ ಸೋಮವಾರ ನಳಿಕೆ.

ಈ ನಡುವೆ ನನ್ನ ಗಂಡ ಒಂದು ಎಡವಟ್ಟು ಮಾಡಿದ. ಮಾರುಕಟ್ಟೆಯಲ್ಲಿ ಶಾಲೆಯ ಹಳೆಯ ಪ್ರಿನ್ಸಿಪಾಲರು ಟೊಕುನಾಗ ಸರ್ ಕಂಡರೆಂದು ಮಾತಾಡಿಸಿ, ಭಾನುವಾರ ಆಂಟಿ ಮನೆಗೆ ಊಟಕ್ಕೆ ಬನ್ನಿ ಸರ್ ಎಂದು ಕರೆದುಬಿಟ್ಟ. ಕರೆದ ಮೇಲೆ ಬೇಡ ಎನ್ನುವ ಹಾಗಿಲ್ಲ. ಆಂಟಿ ಕೇಳಿ ಐದು ನಿಮಿಷ ಪಾತ್ರೆ ಉಜ್ಜಿದರು. ಆಮೇಲೆ ಹಿತ್ತಾಳೆಯ ಫಲಕ ಬಿಚ್ಚಿ ಚಾಪೆಯ ಕೆಳಗೆ ತಳ್ಳಿದರು. ನಾಳೆ ಯಾರೂ ಅವನನ್ನು ಹೆಸರು ಹಿಡಿದು ಕರೆಯಕೂಡದು ಎಂದು ನಮ್ಮೆಲ್ಲರಿಂದ ಮಾತು ತೆಗೆದುಕೊಂಡರು.

ಟೊಕುನಾಗ ಸರ್ ಬಂದರು. ಎಪ್ಪತ್ತರ ಹತ್ತಿರದ, ಸಣ್ಣಗೆ ಮಾತಾಡುವ, ಇಸ್ತ್ರಿ ಮಾಡಿದ ಅಲೋಹಾ ಅಂಗಿಯ ಮನುಷ್ಯ. ಬರಿಗೈಯಲ್ಲಿ ಬರಬಾರದೆಂದು ಒಂದು ತಟ್ಟೆ ಮೋಚಿ ತಂದಿದ್ದರು, ತೆಂಗಿನ ಹಾಲು ಬೆಣ್ಣೆ ಹಾಕಿ ಬೇಯಿಸಿದ ಅಂಟಕ್ಕಿಯ ಸಿಹಿ. ಗೋಸುಂಬೆಯನ್ನು ಪೆಟ್ಟಿಗೆಯಿಂದ ತೆಗೆದು ಜಗಲಿಯ ಊಟದ ಮೇಜಿನ ತುದಿಯಲ್ಲಿದ್ದ ಕುಂಡದ ಗಿಡದ ಮೇಲೆ ಕೂರಿಸಿದ್ದೆವು, ಪಂಕ್ತಿಯಲ್ಲಿ ಅವನೂ ಒಬ್ಬ ಅನ್ನಿಸಲಿ ಎಂದು. ಅವನ ಮುಂದೆ ಒಂದು ಬಟ್ಟಲು ಮಿಡತೆ. ನಾವು ಬಡಿಸಿಕೊಂಡು ಸುತ್ತ ಕೂತೆವು. ಪ್ರತಿ ತುತ್ತಿಗೂ ಅವನ ಕಡೆ ತಿರುಗಿ, ನೋಡು, ನಾವೂ ತಿನ್ನುತ್ತಿದ್ದೇವೆ ಎಂಬಂತೆ ಅಗಿದೆವು. ಅವನು ಕಲ್ಲಿದ್ದಲಿನ ಹಾಗೆ ಕಪ್ಪಾಗಿ ಕೂತಿದ್ದ. ಟೊಕುನಾಗ ಸರ್ ಕೂಡ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚಮಚದಿಂದ ಅನ್ನವನ್ನು ಈ ಬದಿಯಿಂದ ಆ ಬದಿಗೆ ಸರಿಸುತ್ತಿದ್ದರು. ಆಂಟಿಯ ಒಂದು ಕಣ್ಣು ಗಿಡದ ಮೇಲೆ, ಒಂದು ಕಣ್ಣು ಆ ತಟ್ಟೆಯ ಮೇಲೆ.

ತಡವಾಗಿ ಬಂದ ಅಂಕಲ್ ಲೈನಸ್ ಮೀನಿನ ಪಾತ್ರೆ ಕೆಳಗಿಡುತ್ತಾ, ತಂಗಿಯ ತಾಕೀತು ಮರೆತು, ಟೊಕುನಾಗ ಇವತ್ತಾದರೂ ಬಾಯಿ ಬಿಟ್ಟನೋ ಇಲ್ಲವೋ ಎಂದು ಕೇಳಿಬಿಟ್ಟರು. ಸರ್ ಬೆಚ್ಚಿ, ತಿಂತೀನಿ, ತಿಂತೀನಿ ಎಂದು ಚಮಚ ಎತ್ತಿ, ಮತ್ತೆ ಕೆಳಗಿಟ್ಟರು. ಅಷ್ಟರಲ್ಲಿ, ಚಾಪೆಯ ಕೆಳಗೆ ಏನಿದ್ದರೂ ಹೊರಗೆಳೆಯುವ ನನ್ನ ಮಗಳು ಹಿತ್ತಾಳೆಯ ಫಲಕವನ್ನು ಎರಡೂ ಕೈಯಲ್ಲಿ ಹೊತ್ತು ತಂದು ಸರ್ ಅವರ ಮಡಿಲಲ್ಲಿ, ಅನ್ನದ ತಟ್ಟೆಯ ಪಕ್ಕದಲ್ಲಿ ಇಟ್ಟಳು.

ಅವರು ಅದನ್ನು ಎತ್ತಿ ತಿರುಗಿಸಿ ನೋಡಿದರು. ಇದು ಕಳೆದುಹೋಗಿದೆ ಎಂದು ಇಡೀ ಉಗ್ರಾಣ ಹುಡುಕಿಸಿದ್ದೆ ಎಂದರು. ಆಮೇಲೆ ಗಿಡದ ಮೇಲೆ ಕೂತವನ ಕಡೆ ನೋಡಿ, ಅವನಿಗೆ ನನ್ನ ಹೆಸರು ಯಾಕೆ ಎಂದು ಕೇಳಿದರು.

ಆಂಟಿ ಸುಳ್ಳು ಹೇಳುವವರಲ್ಲ. "ಅವನು ಉಣ್ಣೋದನ್ನೂ ನಾನು ಕಂಡಿಲ್ಲ ಸರ್, ನೀವು ಉಣ್ಣೋದನ್ನೂ ಕಂಡಿಲ್ಲ," ಎಂದರು. "ಹನ್ನೊಂದು ವರ್ಷ ನನ್ನ ಅನ್ನ ಮುಟ್ಟಲಿಲ್ಲ ನೀವು. ಏನಾಗಿತ್ತು ನನ್ನ ಅಡುಗೆಗೆ?"

ಸರ್ ಫಲಕವನ್ನು ಅಂಗಿಯ ತುದಿಯಿಂದ ಒರೆಸಿದರು. "ಬುಧವಾರದ ಚಿಲ್ಲಿ ಸಾರಿಗೆ ಒಂದು ಚಿಟಿಕೆ ಉಪ್ಪು ಬೇಕಿತ್ತು," ಎಂದರು ಮೆಲ್ಲಗೆ. "ಬೇರೆ ಎಲ್ಲ ಚೆನ್ನಾಗಿರ್ತಿತ್ತು."

ಉಪ್ಪು ಕಡಿಮೆ ಹಾಕಬೇಕೆಂದು ಮೇಲಿನಿಂದ ಅಪ್ಪಣೆ ಬಂದಿತ್ತು ನಿಜ, ಆದರೆ ಅದು ಯಾವ ಅಡುಗೆಯಲ್ಲಿ ನಾಲಿಗೆಗೆ ಗೊತ್ತಾಗುತ್ತಿತ್ತು ಎನ್ನುವುದು ತಿಂದು ನೋಡಿದವರಿಗಲ್ಲದೆ ತಿಳಿಯುವಂಥದ್ದಲ್ಲ. ಸರ್ ನಿಧಾನವಾಗಿ ಒಪ್ಪಿಕೊಂಡರು. ಶಾಲೆ ಗುಡಿಸುವವನಿಗೆ ಎಂದು ಆಂಟಿ ದಿನವೂ ಒಂದು ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದರಲ್ಲ, ಆಂಟಿ ಮನೆಗೆ ಹೊರಟ ಮೇಲೆ ಆ ತಟ್ಟೆ ಇವರಿಗೆ, ಇವರ ಸ್ಯಾಂಡ್‌ವಿಚ್ ಅವನಿಗೆ. ಹನ್ನೊಂದು ವರ್ಷ ನಡೆದ ವ್ಯವಹಾರ.

"ಎಲ್ಲರ ಜೊತೆ ಕೂತು ತಿನ್ನೋಕೆ ಏನಾಗಿತ್ತು?"

"ನೀವು ನೋಡ್ತಾ ನಿಂತಿರ್ತಿದ್ರಲ್ಲ ಎಡ್ವೀನಾ," ಎಂದರು ಸರ್. "ಗಂಟಲಲ್ಲಿ ಇಳೀತಿರಲಿಲ್ಲ."

ಆಂಟಿ ಸರ್ ಅವರನ್ನು ನೋಡಿದರು. ಗಿಡದ ಮೇಲಿದ್ದವನನ್ನು ನೋಡಿದರು. ನಾನು ಪುಸ್ತಕದಲ್ಲಿ ಬರೆದುಕೊಂಡ ಸಾಲು ನನ್ನ ಕಣ್ಣ ಮುಂದೆ ಬಂತು: ಬದಲಾವಣೆ ಏನೂ ಇಲ್ಲ, ದಿನವಿಡೀ ಮನೆಯಲ್ಲೇ ಇದ್ದಾರೆ. ಆಂಟಿ ಎದ್ದರು, ತಮ್ಮ ಕುರ್ಚಿಯನ್ನು ಎತ್ತಿ ಬೆಟ್ಟದ ಕಡೆಗೆ ಮುಖಮಾಡಿ ಇಟ್ಟು, ಮೇಜಿಗೆ ಬೆನ್ನು ಹಾಕಿ ಕೂತರು. ಮೂವತ್ತೊಂದು ವರ್ಷದಲ್ಲಿ ಅವರು ಊಟಕ್ಕೆ ಬೆನ್ನು ಮಾಡಿದ್ದು ಅದೇ ಮೊದಲಿರಬೇಕು. ಒಬ್ಬೊಬ್ಬರಾಗಿ ನಾವೂ ಕುರ್ಚಿ ತಿರುಗಿಸಿದೆವು. ಸರ್ ಮಾತ್ರ ತಟ್ಟೆ ಎತ್ತಿಕೊಂಡು ಜಗಲಿಯ ಮೂಲೆಗೆ ಹೋದರು. ಅವರ ಕಡೆಯೂ ನಾವು ನೋಡಲಿಲ್ಲ.

ಕಿಯೆಲೆ ಎಲ್ಲೋ ಮೇಜಿನ ಕೆಳಗಿದ್ದಳು. ತಿರುಗಿ ನೋಡಬೇಕೆಂದು ನನ್ನ ಕತ್ತು ತಾನಾಗಿಯೇ ಹೊರಳಿತು. ಆಂಟಿ ಕೈ ಚಾಚಿ ನನ್ನ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದರು, ಶಾಲೆಯ ಮಗುವಿಗೆ ಮಾಡುವ ಹಾಗೆ. ಮೋಡ ಬೆಟ್ಟದಿಂದ ಇಳಿಯುವುದನ್ನೇ ನೋಡುತ್ತಾ ಕೂತೆವು. ಹತ್ತು ನಿಮಿಷವೋ ಇಪ್ಪತ್ತೋ ಆಗಿರಬೇಕು. ಡ್ವೇನನ ಕಾಲು ಜೋಮು ಹಿಡಿಯಿತು. ಮೂಲೆಯಿಂದ ಚಮಚ ತಟ್ಟೆಗೆ ತಾಗುವ ಸದ್ದು ಬರುತ್ತಿತ್ತು.

ಆಮೇಲೆ ಬೆನ್ನ ಹಿಂದೆ, ಒದ್ದೆ ಬೆರಳಿನಿಂದ ಕಾಗದ ಮುಟ್ಟಿದಷ್ಟು ಸಣ್ಣದಾಗಿ, "ಟಪ್" ಎಂದಿತು.

ಯಾರೂ ತಿರುಗಲಿಲ್ಲ. ಆಂಟಿ ಮಡಿಲಿನಲ್ಲಿ ಒಂದು ಬೆರಳು ಮಡಿಸಿದರು. ಮತ್ತೊಮ್ಮೆ ಟಪ್. ಎರಡನೆಯ ಬೆರಳು. ಏಳು ಬೆರಳು ಮಡಿಸುವ ಹೊತ್ತಿಗೆ ಅವರ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಲೆಕ್ಕ ತಪ್ಪುತ್ತದೆಂದು ಹಾಗೆಯೇ ಬಿಟ್ಟರು.

ಸದ್ದು ನಿಂತು ಎಷ್ಟೋ ಹೊತ್ತಿನ ಮೇಲೆ ತಿರುಗಿದೆವು. ಬಟ್ಟಲಿನ ಮಿಡತೆ ಒಂದೂ ಕಡಿಮೆಯಾಗಿರಲಿಲ್ಲ. ಮೋಚಿಯ ತಟ್ಟೆಯಲ್ಲಿ ವಾಡಿಕೆಯಂತೆ ಒಂದು ತುಂಡು ಉಳಿದಿತ್ತು. ಯಾರೂ ಮುಟ್ಟದ ಕೊನೆಯ ತುಂಡು. ಅದಕ್ಕೆ ಊರ ನೊಣವೆಲ್ಲ ಮುತ್ತಿತ್ತು. ಟೊಕುನಾಗ ಅದರ ಮೇಲಕ್ಕೆ ಬಾಗಿದ ಕೊಂಬೆಗೆ ಇಳಿದು ಬಂದು ಬಾಲದಿಂದ ಹಿಡಿದುಕೊಂಡು, ದವಡೆ ಆಡಿಸುತ್ತಾ ಕೂತಿದ್ದ. ಮೈ ಹಸಿರು, ಅಂಚಿನಲ್ಲಿ ಸ್ವಲ್ಪ ಹಳದಿ. ಆ ತುಂಡು ನಾವು ಬಿಟ್ಟಾಗ ಇಡಿಯಾಗಿತ್ತು, ಈಗ ಅರ್ಧ. ಮೇಜಿನ ಕೆಳಗೆ ಕಿಯೆಲೆ ಕೆನ್ನೆಗೆ ಮೋಚಿ ಮೆತ್ತಿಕೊಂಡು, ಅಗಿಯುತ್ತಾ, ನಮ್ಮ ಕಡೆ ನೋಡದೆ ಕೂತಿದ್ದಳು.

ನೊಣ ಕೂತ ಸಿಹಿ ತಿಂದಳಲ್ಲ ಎಂದು ನಾನು ಅವಳ ಬಾಯಿಗೆ ಬೆರಳು ಹಾಕಲು ಓಡಿದೆ. ಆಂಟಿ ನನ್ನ ತೋಳು ಹಿಡಿದರು. "ಬಿಡೇ," ಎಂದರು. "ಅರ್ಧ ಬಿಟ್ಟಿದಾಳೆ ನೋಡು. ಮರ್ಯಾದೆ ಗೊತ್ತು ಮಗೂಗೆ."

ಸೋಮವಾರ ಡಾಕ್ಟರು ತಾವೇ ಫೋನ್ ಮಾಡಿದರು. ಆಂಟಿ ತಿಂದ ಎಂದರು. ಎಷ್ಟು ತಿಂದ ಎಂದು ಆ ಹುಡುಗಿ ಕೇಳಿದಳು. ನಾವು ನೋಡಲಿಲ್ಲಮ್ಮ, ಅಂದಾಜು ಏಳು ನೊಣ, ಎಂದರು. ಎರಡು ವಾರದಲ್ಲಿ ಇಳಿದ ತೂಕವೆಲ್ಲ ಮರಳಿತು.

ಈಗ ಆಂಟಿ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಮನೆಗೆ ಇಳಿದು ಬರುತ್ತಾರೆ. ಕಿಯೆಲೆಯ ಮುಂದೆ ತಟ್ಟೆ ಇಟ್ಟು, ನನ್ನನ್ನೂ ಎಳೆದುಕೊಂಡು ಹೋಗಿ ಗೋಡೆಗೆ ಮುಖಮಾಡಿ ಕೂರಿಸುತ್ತಾರೆ. ನನ್ನ ಪುಸ್ತಕ ಅವರ ಏಪ್ರನ್ನಿನ ಜೇಬಿನಲ್ಲಿದೆ, ಫಲಕ ಹೋದ ದಾರಿಯಲ್ಲೇ ಹೋಯಿತು. ಮಗಳು ಎಷ್ಟು ತಿನ್ನುತ್ತಾಳೆಂದು ನನಗೆ ಗೊತ್ತಿಲ್ಲ. ಗೋಡೆಯ ಬಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ಮಾತ್ರ ಚೆನ್ನಾಗಿ ಗೊತ್ತು.

ಟೊಕುನಾಗ ಸರ್ ಪ್ರತಿ ಭಾನುವಾರ ಬರುತ್ತಾರೆ. ಫಲಕ ವಾಪಸು ಬೇಡ, ಅದು ಗೋಸುಂಬೆಯ ಪೆಟ್ಟಿಗೆಯ ಮೇಲೇ ಚೆನ್ನಾಗಿದೆ ಎಂದರು. ಆಂಟಿ ಅವರಿಗೆ ಬಡಿಸುತ್ತಾರೆ, ಚಿಲ್ಲಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿ. ಆಮೇಲೆ ನಾವೆಲ್ಲ ಕುರ್ಚಿ ಬೆಟ್ಟದ ಕಡೆ ತಿರುಗಿಸಿಕೊಳ್ಳುತ್ತೇವೆ. ಅವರು ಉಣ್ಣುವುದನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ. ಮುಗಿದ ಮೇಲೆ ಅವರೇ ಎದ್ದು ಬಂದು, ಆಂಟಿಯ ಬೆನ್ನ ಹಿಂದೆ ನಿಂತು ಒಮ್ಮೆ ಕೆಮ್ಮಿ, ತಟ್ಟೆ ತೋರಿಸುತ್ತಾರೆ.